‘ಮನಸ್ಸು ಮಾಡಿದರೆ ಆಗುತ್ತದೆ’ ಎಂಬ ಸುಳ್ಳು

ಮೂವತ್ತು ದಾಟಿದ ಮಗ ಕರೆಂಟ್ ಬಿಲ್ ಕಟ್ಟುವುದನ್ನು ಮತ್ತೆ ಮರೆತಾಗ ತಂದೆ ಹೇಳುವ ಮಾತು, ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಹೇಳುವ ಮಾತು, ನೆಂಟರ ಮದುವೆಯಿಂದ ಅರ್ಧಕ್ಕೇ ಎದ್ದುಬಂದ ಸೊಸೆಗೆ ಅತ್ತೆ ಹೇಳುವ ಮಾತು, ಕೊನೆಗೆ ಎಷ್ಟೋ ಸಲ ಡಾಕ್ಟರೂ ಹೇಳಿಬಿಡುವ ಮಾತು ಒಂದೇ: ‘ಮನಸ್ಸು ಮಾಡಿದರೆ ಆಗುತ್ತದೆ.’ ಕೇಳುವುದಕ್ಕೆ ಧೈರ್ಯ ತುಂಬುವ ಮಾತಿನಂತಿದೆ. ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇರುವ ವಯಸ್ಕರಿಗೆ ಮಾತ್ರ ಇದು ದಿನನಿತ್ಯದ ಆರೋಪ. ನೀನು ಪ್ರಯತ್ನವನ್ನೇ ಪಡುತ್ತಿಲ್ಲ ಎಂಬ ತೀರ್ಪು ಅದರೊಳಗೆ ಕೂತಿದೆ.

ಆ ತೀರ್ಪು ತಪ್ಪು, ಅಪಾಯಕಾರಿಯೂ ಹೌದು. ಇವರು ಪ್ರಯತ್ನ ಪಡುತ್ತಿದ್ದಾರೆ. ಯಾರ ಕಣ್ಣಿಗೂ ಬೀಳದ ಕಡೆ, ಉಳಿದವರಿಗೆ ಅಗತ್ಯವೇ ಇಲ್ಲದ ಪ್ರಯತ್ನವನ್ನು ಎದ್ದಾಗಿನಿಂದ ಮಲಗುವವರೆಗೆ ಪಡುತ್ತಿದ್ದಾರೆ. ಕಾಣುವ ಕೆಲಸಗಳಿಗೆ ಶಕ್ತಿ ಉಳಿಯದಿರುವುದು ಅದಕ್ಕೇ. ಅಂಥವರಿಗೆ ಇನ್ನಷ್ಟು ಗಟ್ಟಿ ಮನಸ್ಸು ಮಾಡು ಎನ್ನುವವರು ಇರುವ ಶಕ್ತಿಯನ್ನೂ ಬೇಗ ಖಾಲಿ ಮಾಡಿಸುತ್ತಾರೆ.

ಎರಡೂ ಒಟ್ಟಿಗೆ ಇರಬಹುದೆಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದ್ದೇ ಇತ್ತೀಚೆಗೆ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ತಂದ ಡಿಎಸ್‌ಎಂ-4 ಕೈಪಿಡಿಯ ಪ್ರಕಾರ, ಆಟಿಸಂ ಇದೆಯೆಂದು ಬರೆದವರಿಗೆ ಎಡಿಎಚ್‌ಡಿಯೂ ಇದೆಯೆಂದು ಬರೆಯುವಂತಿರಲಿಲ್ಲ. 2013ರ ಮೇ ತಿಂಗಳಲ್ಲಿ ಬಂದ ಡಿಎಸ್‌ಎಂ-5 ಆ ನಿರ್ಬಂಧ ತೆಗೆಯಿತು. ಇಂದು ಮೂವತ್ತೈದು, ನಲವತ್ತು ವರ್ಷ ಆಗಿರುವವರು ಶಾಲೆಗೆ ಹೋಗುತ್ತಿದ್ದಾಗ, ಪುಸ್ತಕದ ಪ್ರಕಾರ ಅವರಂಥವರು ಲೋಕದಲ್ಲಿ ಇರಲೇ ಇಲ್ಲ. ‘ಬುದ್ಧಿ ಇದೆ, ಶ್ರದ್ಧೆ ಇಲ್ಲ’ ಎಂದು ಮಾರ್ಕ್ಸ್ ಕಾರ್ಡಿನಲ್ಲಿ ಬರೆಸಿಕೊಂಡೇ ಅವರು ದೊಡ್ಡವರಾದರು. ಆಮೇಲೆ, 2021ರಲ್ಲಿ, ಹಲವು ಅಧ್ಯಯನಗಳ ಲೆಕ್ಕ ಕೂಡಿಸಿ ನೋಡಿದಾಗ ಆಟಿಸಂ ಇರುವವರಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಮಂದಿಗೆ ಎಡಿಎಚ್‌ಡಿಯೂ ಇರುವುದು ಕಂಡಿತು. ಅಪರೂಪದ ಜೋಡಿಯೇನೂ ಅಲ್ಲ.

ಈ ಜೋಡಿಯಲ್ಲಿ ಒಂದು ಇನ್ನೊಂದನ್ನು ಎಳೆದಾಡುತ್ತದೆ. ಆಟಿಸಂಗೆ ನಿನ್ನೆಯಂತೆಯೇ ಇವತ್ತೂ ಇರಬೇಕು: ಅದೇ ದಾರಿ, ಅದೇ ತಟ್ಟೆ, ಅದೇ ಹೊತ್ತು. ಎಡಿಎಚ್‌ಡಿಗೆ ಹೊಸದಿಲ್ಲದಿದ್ದರೆ ಮನಸ್ಸು ಕೂರುವುದಿಲ್ಲ. ತಾನೇ ಹಾಕಿಕೊಂಡ ದಿನಚರಿ ಕೆಲವೇ ವಾರಗಳಲ್ಲಿ ಬಣ್ಣ ಕಳೆದುಕೊಂಡು ಕೈಬಿಟ್ಟುಹೋಗುತ್ತದೆ. ಕ್ರಮ ತಪ್ಪಿದರೆ ತಳಮಳ, ಕ್ರಮ ಉಳಿದರೆ ಬೇಸರ. ಡೈರಿ ಇಡಿ, ಬೆಳಿಗ್ಗೆ ಐದಕ್ಕೆ ಏಳಿ, ದಿನಕ್ಕೆ ಮೂರು ಗುರಿ ಬರೆದುಕೊಳ್ಳಿ ಎನ್ನುವ ವ್ಯಕ್ತಿತ್ವ ವಿಕಸನದ ಪುಸ್ತಕಗಳು ಇವರ ಕಪಾಟಿನಲ್ಲಿ ಬೇಕಾದಷ್ಟಿವೆ. ಅವು ಹೇಳಿದ್ದನ್ನು ಮಾಡಿ ನೋಡದವರು ಇವರಲ್ಲಿ ಕಡಿಮೆ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ಕೆಲಸ ಮಾಡುವ, ಇಂಥ ಒಬ್ಬ ಹೆಣ್ಣುಮಗಳ ದಿನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಪಕ್ಕದ ಮನೆಯ ಮಿಕ್ಸಿ, ತಮ್ಮ ಮನೆಯ ಕುಕ್ಕರ್, ಬೀದಿಯ ತರಕಾರಿ ಗಾಡಿಯ ಧ್ವನಿವರ್ಧಕ. ಬೇರೆಯವರ ಕಿವಿ ಇವನ್ನು ತಾನಾಗಿ ಹಿಂದಕ್ಕೆ ತಳ್ಳಿಬಿಡುತ್ತದೆ. ಆಕೆಯ ಕಿವಿಗೆ ಎಲ್ಲವೂ ಒಂದೇ ಎತ್ತರದಲ್ಲಿ ಬಂದು ಬಡಿಯುತ್ತವೆ. ಐಡಿ ಕಾರ್ಡ್ ಎಲ್ಲಿ ಇಟ್ಟೆನೆಂದು ಹುಡುಕುವುದರಲ್ಲಿ ಬಸ್ ತಪ್ಪುತ್ತದೆ. ಕಚೇರಿಯಲ್ಲಿ ಗೋಡೆಗಳಿಲ್ಲದ ಹಾಲ್, ತಲೆಯ ಮೇಲೆ ಉರಿಯುವ ದೀಪ, ಎಸಿಯ ಗುಂಯ್ ಸದ್ದು, ಹಿಂದಿನ ಸಾಲಿನವರ ಫೋನು. ಮೀಟಿಂಗಿನಲ್ಲಿ ಎದುರಿನವರ ಕಣ್ಣು ನೋಡಬೇಕು, ಎಷ್ಟು ಹೊತ್ತು ನೋಡಿದರೆ ಸಹಜ, ಯಾವಾಗ ತಲೆಯಾಡಿಸಬೇಕು, ಈಗ ಅವರು ಹೇಳಿದ್ದು ತಮಾಷೆಯೋ ಅಲ್ಲವೋ ಎಂಬ ಲೆಕ್ಕ ಒಳಗೆ ನಡೆಯುತ್ತಲೇ ಇರುತ್ತದೆ. ಮೀಟಿಂಗಿನ ವಿಷಯಕ್ಕೆ ಕಿವಿಗೊಡುವುದು ಅದರ ಮೇಲಿನ ಕೆಲಸ. ಹನ್ನೊಂದಕ್ಕೆ ಮ್ಯಾನೇಜರಿಂದ ಚಾಟ್‌ನಲ್ಲಿ ಒಂದು ಸಾಲು: ‘ಮಧ್ಯಾಹ್ನ ಎರಡು ನಿಮಿಷ ಸಿಗ್ತೀರಾ?’ ಯಾಕೆಂದು ಇಲ್ಲ. ಮೂರು ಗಂಟೆ ಹೊಟ್ಟೆ ತೊಳಸುತ್ತದೆ, ಬೇರೇನೂ ಕೈಗೆ ಹತ್ತುವುದಿಲ್ಲ. ಕೊನೆಗೆ ವಿಷಯ ರಜೆಯ ಪಟ್ಟಿಯದ್ದು.

ಸಂಜೆ ಮನೆಗೆ ಬಂದವಳಿಗೆ ಸಿಂಕಿನಲ್ಲಿರುವ ಒಂದು ಲೋಟ ತೊಳೆಯಲಾಗುವುದಿಲ್ಲ. ‘ಇಡೀ ದಿನ ಎಸಿಯಲ್ಲಿ ಕೂತು ಬಂದವಳಿಗೆ ಅದೆಂಥ ಸುಸ್ತು’ ಎಂಬ ಪ್ರಶ್ನೆ ಕೇಳುವವರಿಗೆ ಆ ದಿನದಲ್ಲಿ ಕಂಡದ್ದು ಕುರ್ಚಿ ಮಾತ್ರ.

ಮನೋಬಲವಾದಿಗಳ ಬಳಿ ಇದಕ್ಕೊಂದು ಸಿದ್ಧ ಉತ್ತರ ಇದೆ. ‘ಮೊನ್ನೆ ರಾತ್ರಿಯೆಲ್ಲ ಕೂತು ಆ ಪ್ರಾಜೆಕ್ಟ್ ಮುಗಿಸಿದಳಲ್ಲ? ಇಷ್ಟವಿದ್ದರೆ ಎಲ್ಲ ಬರುತ್ತದೆ, ಇಷ್ಟವಿಲ್ಲದ್ದಕ್ಕೆ ಮಾತ್ರ ಕಾಯಿಲೆ.’ ಈ ವಾದ ಗಟ್ಟಿಯಾಗಿ ಕಾಣುವುದರಿಂದಲೇ ಹೆಚ್ಚು ಹಾನಿ ಮಾಡಿದೆ. ಎಡಿಎಚ್‌ಡಿಯ ಲಕ್ಷಣವೇ ಈ ಏರಿಳಿತ. ಗಮನ ಇಲ್ಲವೆಂಬುದು ತೊಂದರೆಯಲ್ಲ, ಗಮನವನ್ನು ಬೇಕೆಂದಾಗ ಬೇಕಾದ ಕಡೆ ತಿರುಗಿಸಲಾಗದಿರುವುದು ತೊಂದರೆ. ಆಸಕ್ತಿ, ಹೊಸತನ, ತಲೆಯ ಮೇಲೆ ಬಂದು ನಿಂತ ಗಡುವು ಇವು ಎಂಜಿನ್ ಶುರುಮಾಡುತ್ತವೆ. ‘ಇದು ಮುಖ್ಯ’ ಎಂಬ ಅರಿವೊಂದೇ ಶುರುಮಾಡುವುದಿಲ್ಲ. ಮುಖ್ಯವೆಂದು ಚೆನ್ನಾಗಿ ಗೊತ್ತಿದ್ದೂ ಒಂದು ಅರ್ಜಿಯ ಮುಂದೆ ಗಂಟೆಗಟ್ಟಲೆ ಕೂತು, ಪೆನ್ನು ಎತ್ತಲಾಗದೆ, ತನ್ನನ್ನೇ ಬೈದುಕೊಳ್ಳುವವರನ್ನು ಸೋಮಾರಿ ಎನ್ನಲಾಗದು. ಸೋಮಾರಿಗೆ ಅಂಥ ಸಂಕಟ ಇರುವುದಿಲ್ಲ. ಇನ್ನು ಆ ರಾತ್ರಿಯ ಬೆಲೆಯನ್ನು ಮುಂದಿನ ಮೂರು ನಾಲ್ಕು ದಿನ ಮೈ ತೆರುತ್ತದೆ. ಅದು ಯಾರ ಲೆಕ್ಕದಲ್ಲೂ ಬರುವುದಿಲ್ಲ.

ವಯಸ್ಸಾದ ಹಾಗೆ ಸರಿಹೋಗುತ್ತದೆ ಎಂಬುದೂ ನಿಲ್ಲುವ ಮಾತಲ್ಲ. ಅಮೆರಿಕದಲ್ಲಿ ಎಡಿಎಚ್‌ಡಿ ಇರುವ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಪೂರ್ತಿ ಹೊರಬಂದು ಹಾಗೇ ಉಳಿದವರು ಸುಮಾರು ಶೇ 9. ಬಹುಪಾಲು ಜನರಲ್ಲಿ ಕೆಲವು ವರ್ಷ ಇಳಿದು, ಮತ್ತೆ ಏರಿ, ಮತ್ತೆ ಇಳಿಯುತ್ತ ಹೋಗುತ್ತದೆ. ಇಳಿದ ವರ್ಷವನ್ನು ನೋಡಿ ‘ಆಗ ಸರಿ ಇದ್ದೆಯಲ್ಲ’ ಎನ್ನುವವರಿಗೆ ಈ ಸಂಗತಿ ತಿಳಿದಿರಬೇಕು.

ಇನ್ನೊಂದು ಸಲಹೆ ‘ರೂಢಿ ಮಾಡಿಕೋ’ ಎಂಬುದು. ಗದ್ದಲಕ್ಕೆ ಹೋಗಿ ಹೋಗಿ ಗದ್ದಲ ಅಭ್ಯಾಸವಾಗುತ್ತದೆ, ಜನರ ನಡುವೆ ಇದ್ದು ಇದ್ದು ಅಂಜಿಕೆ ಬಿಡುತ್ತದೆ. ಬಹುಪಾಲು ಜನರ ಮಟ್ಟಿಗೆ ಇದು ನಿಜವೂ ಹೌದು. ಹೆದರಿಕೆಯ ಚಿಕಿತ್ಸೆಯೊಂದು ಇದರ ಮೇಲೆಯೇ ನಿಂತಿದೆ. ಆದರೆ ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರಿಗೆ ಕಿರಿಕಿರಿಯ ಸದ್ದು, ಮೈಗೆ ಒರಟು ಬಟ್ಟೆಯ ಸ್ಪರ್ಶ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಲಾಸ್ ಏಂಜಲಿಸ್‌ನಲ್ಲಿ ಶೂಲಮೈಟ್ ಗ್ರೀನ್ ಮತ್ತವರ ತಂಡ ನಡೆಸಿದ್ದು. ಬೇರೆ ಮಕ್ಕಳಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಭಾಗ ಸ್ವಲ್ಪ ಹೊತ್ತಿನಲ್ಲೇ ಶಾಂತವಾಯಿತು. ಇಂದ್ರಿಯ ಸೂಕ್ಷ್ಮತೆ ಹೆಚ್ಚಿದ್ದ ಆಟಿಸಂ ಮಕ್ಕಳಲ್ಲಿ ಹಾಗೆ ಶಾಂತವಾಗಲಿಲ್ಲ. ರೂಢಿ ಮಾಡಿಕೊಳ್ಳುವ ಯಂತ್ರವೇ ಇಲ್ಲಿ ಬೇರೆ ರೀತಿ ಕೆಲಸ ಮಾಡುತ್ತಿರುವಾಗ, ಛತ್ರದ ವಾಲಗದ ಮುಂದೆ ಎರಡು ಗಂಟೆ ಹೆಚ್ಚು ಕೂರಿಸಿದರೆ ಅಭ್ಯಾಸ ಬರುವುದಿಲ್ಲ. ಮುಂದಿನ ಮದುವೆಯ ಹೆಸರು ಕೇಳಿದರೇ ಮೈ ನಡುಗುವುದು ಶುರುವಾಗುತ್ತದೆ.

ಆತಂಕದ ವಿಚಾರದಲ್ಲೂ ಇದೇ ತಿರುವುಮುರುವು. 2019ರಲ್ಲಿ ಹಿಂದಿನ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಆಟಿಸಂ ಇರುವ ವಯಸ್ಕರಲ್ಲಿ ಶೇ 27 ಮಂದಿಗೆ ಆ ಹೊತ್ತಿನಲ್ಲಿ, ಶೇ 42 ಮಂದಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಆತಂಕದ ಕಾಯಿಲೆ ಇರುವುದು ಕಂಡಿತ್ತು. ಪ್ರಾಣಾಯಾಮ ಮಾಡಿ, ಯೋಚನೆ ಬಿಡಿ ಎಂಬ ಉಪದೇಶ ತಕ್ಷಣ ಬರುತ್ತದೆ. ಪ್ರಾಣಾಯಾಮದಿಂದ ಹಾನಿಯಿಲ್ಲ, ಕೆಲವರಿಗೆ ಲಾಭವೂ ಇದೆ. ಆದರೆ ಯಾಕೆಂದು ಹೇಳದೆ ಕರೆಯುವ ಮ್ಯಾನೇಜರ್, ಹೇಳದೆ ಬರುವ ನೆಂಟರು, ಕಳೆದ ತಿಂಗಳು ಮರೆತ ಕಂತಿನ ದಂಡ, ಇವತ್ತು ಇನ್ನೇನು ಮರೆತಿರುವೆನೋ ಎಂಬ ಭಯ ಇವೆಲ್ಲ ಹಾಗೇ ಇದ್ದರೆ ಆತಂಕಕ್ಕೆ ದಿನಾ ಹೊಸ ಕಾರಣ ಸಿಗುತ್ತಲೇ ಇರುತ್ತದೆ. ಈ ಆತಂಕದ ದೊಡ್ಡ ಪಾಲು ಭ್ರಮೆಯಲ್ಲ, ಅನುಭವದಿಂದ ಕಲಿತದ್ದು. ಹತ್ತು ಸಲ ಮರೆತು ಹತ್ತು ಸಲ ಬೈಸಿಕೊಂಡವರು ಹನ್ನೊಂದನೆಯದಕ್ಕೆ ಅಂಜಿದರೆ ಅದರಲ್ಲಿ ಅರ್ಥವಿದೆ. ‘ಎರಡು ನಿಮಿಷ ಸಿಗ್ತೀರಾ, ರಜೆಯ ಪಟ್ಟಿ ಬಗ್ಗೆ’ ಎಂದು ಬರೆದಿದ್ದರೆ ಆ ಹೆಣ್ಣುಮಗಳಿಗೆ ಮೂರು ಗಂಟೆ ಉಳಿಯುತ್ತಿತ್ತು, ಕಂಪನಿಗೂ ಉಳಿಯುತ್ತಿತ್ತು.

ಇಷ್ಟಾದರೂ ಹೊರಗಿನಿಂದ ನೋಡಿದವರಿಗೆ ಆಕೆ ಚೆನ್ನಾಗಿಯೇ ಇದ್ದಾಳೆ. ಮಾಸ್ಕಿಂಗ್ ಎನ್ನುವುದು ಇದನ್ನೇ: ಎಲ್ಲರಂತೆ ಕಾಣಲು ತನ್ನ ಕೈ, ಕಣ್ಣು, ದನಿ, ಮಾತನ್ನು ಕ್ಷಣಕ್ಷಣವೂ ತಿದ್ದಿಕೊಳ್ಳುವುದು. ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷಿನ ಕಚೇರಿಗೆ ಸೇರಿದವರಿಗೆ ಮೊದಲ ತಿಂಗಳುಗಳ ದಣಿವು ನೆನಪಿದ್ದೀತು. ಪ್ರತಿ ವಾಕ್ಯವನ್ನೂ ತಲೆಯಲ್ಲಿ ಕಟ್ಟಿ, ತಿದ್ದಿ, ಆಮೇಲೆ ಬಾಯಿಗೆ ತರುವ ದಣಿವು ಅದು. ಅವರಿಗೆ ವರ್ಷದೊಳಗೆ ಆ ಭಾಷೆ ಸಲೀಸಾಗುತ್ತದೆ. ಇವರಿಗೆ ಜೀವನಪೂರ್ತಿ ಮೊದಲ ತಿಂಗಳೇ.

‘ಎಲ್ಲರಂತೆ ಕಾಣುವುದೇ ಗುಣವಾಗುವುದು’ ಎಂಬ ನಂಬಿಕೆ ಬರೀ ಅತ್ತೆ ಮಾವಂದಿರದ್ದಲ್ಲ, ಅದಕ್ಕೆ ವಿಜ್ಞಾನದ ಮೊಹರೂ ಬಿದ್ದಿತ್ತು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಐವರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ಕೊಟ್ಟು, ಅವರಲ್ಲಿ 9 ಮಂದಿ ಸಾಮಾನ್ಯ ಮಕ್ಕಳಂತಾದರು ಎಂದು ಸಾರಲಾಯಿತು. ಮಗು ಮಾಡಬಾರದ್ದನ್ನು ಮಾಡಿದಾಗ ಜೋರಾಗಿ ಗದರುವುದು, ಕೆಲವೊಮ್ಮೆ ತೊಡೆಗೆ ಹೊಡೆಯುವುದು ಆ ತರಬೇತಿಯ ಭಾಗವಾಗಿತ್ತು. ಮಾಮೂಲಿ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿತೇ, ಬುದ್ಧಿಮತ್ತೆಯ ಅಂಕ ಸರಾಸರಿಗೆ ಬಂತೇ ಎಂಬುದು ಯಶಸ್ಸಿನ ಅಳತೆ. ಹಾಗೆ ಕಾಣಲು ಆ ಮಗು ಒಳಗೆ ಏನು ತೆತ್ತಿತು ಎಂಬ ಪ್ರಶ್ನೆ ಆ ಅಳತೆಯಲ್ಲಿ ಇರಲಿಲ್ಲ. ದೊಡ್ಡವರ ವಿಚಾರಕ್ಕೆ ಬಂದರೆ ನಮ್ಮ ಮನೆ, ಕಚೇರಿಗಳಲ್ಲಿ ಈಗಲೂ ಅದೇ ಅಳತೆ ನಡೆಯುತ್ತಿದೆ.

ತೆರುವ ಬೆಲೆ ಏನೆಂದು ಈಗ ಗೊತ್ತಿದೆ. ಅಮೆರಿಕದ ಡೋರಾ ರೇಮೇಕರ್ ಮತ್ತು ಜೊತೆಗಾರರು 2020ರಲ್ಲಿ ಆಟಿಸಂ ಇರುವ ವಯಸ್ಕರನ್ನೇ ಮಾತಾಡಿಸಿ ಅವರ ಬರ್ನ್‌ಔಟನ್ನು ದಾಖಲಿಸಿದರು: ತಿಂಗಳುಗಟ್ಟಲೆ ಬಿಡದ ದಣಿವು, ಬರುತ್ತಿದ್ದ ಕೆಲಸಗಳೇ ಕೈತಪ್ಪುವುದು, ಮೊದಲು ತಡೆದುಕೊಳ್ಳುತ್ತಿದ್ದ ಬೆಳಕು ಸದ್ದುಗಳನ್ನೂ ತಡೆಯಲಾಗದಿರುವುದು. ರಜೆ ಹಾಕಿ ಎರಡು ದಿನ ಊರಿಗೆ ಹೋಗಿಬಂದರೆ ಹೋಗುವಂಥದ್ದಲ್ಲ. ತನ್ನತನವನ್ನು ಹೀಗೆ ಮರೆಮಾಚುತ್ತ ಬದುಕುವುದಕ್ಕೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿರುವುದನ್ನು ಬ್ರಿಟನ್ನಿನ ಸಾರಾ ಕ್ಯಾಸಿಡಿ ಮತ್ತು ತಂಡ 2018ರಲ್ಲಿ ತೋರಿಸಿತು. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2016ರ ಅಧ್ಯಯನದಲ್ಲಿ, ಬೌದ್ಧಿಕ ಅಂಗವೈಕಲ್ಯ ಇಲ್ಲದ ಆಟಿಸಂ ವ್ಯಕ್ತಿಗಳು, ಅಂದರೆ ನೋಡುವವರಿಗೆ ‘ಏನೂ ತೊಂದರೆ ಕಾಣದ’ ಇವರೇ, ಆತ್ಮಹತ್ಯೆಯಿಂದ ಸಾಯುವ ಸಂಭವ ಉಳಿದವರಿಗಿಂತ ಸುಮಾರು 9 ಪಟ್ಟು ಹೆಚ್ಚಿತ್ತು. ಬ್ರಿಟನ್ನಿನಲ್ಲಿ ಎಡಿಎಚ್‌ಡಿ ಇದೆಯೆಂದು ದಾಖಲಾದ ವಯಸ್ಕರ ಆಯುಷ್ಯ ಪುರುಷರಲ್ಲಿ ಸುಮಾರು 7 ವರ್ಷ, ಮಹಿಳೆಯರಲ್ಲಿ 8ರಿಂದ 9 ವರ್ಷ ಕಡಿಮೆ ಇರಬಹುದೆಂದು 2025ರಲ್ಲಿ ಬಂದ ಲೆಕ್ಕ ಹೇಳುತ್ತದೆ. ‘ಸ್ವಲ್ಪ ಸುಧಾರಿಸಿಕೊಂಡು ಹೋಗಬೇಕಪ್ಪ’ ಎಂದು ಹಗುರವಾಗಿ ಹೇಳುವವರು ಈ ಅಂಕಿಗಳನ್ನು ಒಮ್ಮೆ ಓದಬೇಕು.

ಹೀಗೆ ಕಷ್ಟಪಟ್ಟು ಸಾಧಿಸಿದ ಎಲ್ಲರಂತಹ ಮುಖ ಕೆಲಸಕ್ಕಾದರೂ ಬರುತ್ತದೆಯೇ? ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಮಾಡಿದ ಪ್ರಯೋಗ ಬಹಳ ಹೇಳುತ್ತದೆ. ಆಟಿಸಂ ಇರುವವರು ಮತ್ತು ಇಲ್ಲದವರು ಮಾತಾಡುವ ಕೆಲವೇ ಸೆಕೆಂಡುಗಳ ತುಣುಕುಗಳನ್ನು, ಯಾರು ಯಾರೆಂದು ಹೇಳದೆ, ಬೇರೆಯವರಿಗೆ ತೋರಿಸಿದರು. ಅಷ್ಟರಲ್ಲೇ ನೋಡುಗರು ಆಟಿಸಂ ಇರುವವರನ್ನು ಕಡಿಮೆ ಇಷ್ಟಪಟ್ಟರು, ಅವರ ಜೊತೆ ಮಾತಾಡುವ ಆಸಕ್ತಿಯೂ ಕಡಿಮೆ ಎಂದರು. ಅದೇ ಮಾತುಗಳನ್ನು ಬರಹದಲ್ಲಿ ಮಾತ್ರ ಕೊಟ್ಟಾಗ ಆ ತಾತ್ಸಾರ ಮಾಯವಾಯಿತು. ಹೇಳಿದ್ದರಲ್ಲಿ ಕೊರತೆ ಇರಲಿಲ್ಲ. ಹೇಳುವ ದನಿ, ಮುಖಭಾವ ನೋಡುಗರ ರೂಢಿಗೆ ಒಗ್ಗಲಿಲ್ಲ, ಅಷ್ಟೆ. ಮುಖಾಮುಖಿ ಸಂದರ್ಶನದಿಂದಲೇ ಜನರನ್ನು ಆರಿಸುವ ಪ್ರತಿ ಸಂಸ್ಥೆಯೂ ಇದನ್ನು ಗಮನಿಸಬೇಕು. ತಿದ್ದಿಕೊಳ್ಳಬೇಕಾದವರು ಯಾರೆಂಬ ಪ್ರಶ್ನೆಗೆ ಸಿದ್ಧ ಉತ್ತರ ಇಟ್ಟುಕೊಂಡವರೂ ಗಮನಿಸಬೇಕು.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಎಲ್ಲರೂ ನಿಭಾಯಿಸಲಿಲ್ಲವೇ?’ ಎಂಬ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸಬೇಕು, ಏಕೆಂದರೆ ಕೇಳುವವರು ಬಹಳ ಸಲ ಪ್ರಾಮಾಣಿಕರು. ಇತ್ತು. ಊರಿಗೊಬ್ಬರು ಅಂಥವರಿದ್ದರು. ದಿನಾ ಅದೇ ಹೊತ್ತಿಗೆ ಅದೇ ಕಟ್ಟೆಯ ಮೇಲೆ ಕೂತು, ಮೂರು ತಲೆಮಾರಿನ ಜಮೀನಿನ ಲೆಕ್ಕ ಬಾಯಲ್ಲೇ ಹೇಳಿ, ಮಂದಿ ಸೇರಿದರೆ ಎದ್ದುಹೋಗುವ ದೊಡ್ಡಪ್ಪ ಇದ್ದರು. ಹತ್ತು ವ್ಯಾಪಾರ ಶುರುಮಾಡಿ ಒಂದನ್ನೂ ಮುಗಿಸದ ಚಿಕ್ಕಪ್ಪ ಇದ್ದರು. ಅವರು ನಿಭಾಯಿಸಿದರು ಎನ್ನುವಾಗ ಅವರನ್ನು ನಿಭಾಯಿಸಿದವರು ಯಾರೆಂದೂ ಹೇಳಬೇಕಲ್ಲವೇ? ಹೊತ್ತಿಗೆ ಊಟ ಬಡಿಸಿದವಳು, ಒಗೆದ ಪಂಚೆ ಕೈಗೆ ಕೊಟ್ಟವಳು, ಕಂದಾಯದ ದಿನ ನೆನಪಿಸಿದವಳು, ಬಂದ ನೆಂಟರ ಜೊತೆ ಅವರ ಪರವಾಗಿ ಮಾತಾಡಿದವಳು ಮನೆಯಲ್ಲಿ ಒಬ್ಬಳಿದ್ದಳು. ಯೋಜಿಸುವ, ನೆನಪಿಡುವ, ಶುರುಮಾಡಿಸುವ ಕೆಲಸವನ್ನೆಲ್ಲ ಒಂದು ಹೆಣ್ಣುಜೀವ ಕೂಲಿಯಿಲ್ಲದೆ, ಹೆಸರಿಲ್ಲದೆ ಮಾಡಿತು. ಆ ಹೆಣ್ಣಿಗೇ ಇಂಥ ಮಿದುಳಿದ್ದರೆ ಅವಳಿಗೆ ಅಂಥ ಆಸರೆ ಇರಲಿಲ್ಲ. ‘ಮನೆ ಹಿಡಿಯುವವಳಲ್ಲ’ ಎಂಬ ಹೆಸರು ಸಿಕ್ಕಿತು. ಹೆಣ್ಣುಮಕ್ಕಳಲ್ಲಿ ಈ ಎರಡೂ ಸ್ಥಿತಿಗಳು ಇಂದಿಗೂ ತಡವಾಗಿ ಪತ್ತೆಯಾಗುತ್ತವೆ. ಮರೆಮಾಚುವುದನ್ನು ಅವರಿಗೆ ಚಿಕ್ಕಂದಿನಿಂದಲೇ ಹೆಚ್ಚು ಕಟ್ಟುನಿಟ್ಟಾಗಿ ಕಲಿಸಿರುತ್ತೇವೆ.

ಹಳ್ಳಿಯ ಬದುಕಿನಲ್ಲಿ ಇನ್ನೊಂದು ಅನುಕೂಲವಿತ್ತು. ಬೆಳೆಗೆ ಕಾಲವಿತ್ತು, ಮುಖಗಳು ಗೊತ್ತಿದ್ದವು, ಕೈಯಲ್ಲಿ ಮಾಡುವ ಕೆಲಸ ಕಣ್ಣೆದುರಿಗೆ ಮುಗಿಯುತ್ತಿತ್ತು. ಇಂದು ಒಬ್ಬರೇ ಬಾಡಿಗೆ ಮನೆ, ಇಎಂಐ, ಆಧಾರ್ ಜೋಡಣೆ, ಓಟಿಪಿ, ನೂರು ವಾಟ್ಸ್ಆ್ಯಪ್ ಗುಂಪು, ನಾಲ್ಕು ಮೀಟಿಂಗುಗಳನ್ನು ತಾವೇ ನೆನಪಿಟ್ಟು ನಡೆಸಬೇಕು. ಅದೇ ಮಿದುಳು, ಹೊರೆ ಬೇರೆ.

ಆಟಿಸಂ ಎಂದು ದಾಖಲಾದ ಮೊದಲ ವ್ಯಕ್ತಿಯ ಬದುಕೇ ಇದಕ್ಕೆ ಸಾಕ್ಷಿ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ಡೊನಾಲ್ಡ್ ಟ್ರಿಪ್ಲೆಟ್ ಹುಟ್ಟಿದ್ದು 1933ರಲ್ಲಿ. ಇನ್ನೂ ನಾಲ್ಕು ತುಂಬದ ಆ ಮಗುವನ್ನು ವೈದ್ಯರ ಮಾತಿನಂತೆ ಸಂಸ್ಥೆಯೊಂದಕ್ಕೆ ಸೇರಿಸಲಾಯಿತು. ಅಲ್ಲಿ ಅವನು ಕುಗ್ಗಿಹೋದ, ತಂದೆತಾಯಿ ಹಿಂದಕ್ಕೆ ಕರೆತಂದರು. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲಿ ಅವನೇ ಮೊದಲನೆಯವನು. ಆಮೇಲೆ ಊರಾಚೆಯ ರೈತ ದಂಪತಿಯ ಬಳಿ ಕೆಲವು ವರ್ಷ ಬೆಳೆದ. ಅವನಿಗೆ ಎಣಿಸುವ ಗೀಳು, ಅಳೆಯುವ ಗೀಳು. ಆ ರೈತರು ಗೀಳು ಬಿಡಿಸಲು ಹೋಗಲಿಲ್ಲ. ಅಳೆಯುವುದಿದ್ದರೆ ಬಾವಿ ತೋಡಿ ಅದರ ಆಳ ಅಳೆ ಎಂದರು. ಜೋಳದ ಸಾಲು ಎಣಿಸುತ್ತ ಕುದುರೆ ಹೂಡಿ ಉಳುವುದನ್ನು ಕಲಿಸಿದರು. ನೋಡಲು ಹೋದ ಕ್ಯಾನರ್ ಬೆರಗಾದರು. ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿ, ತಮ್ಮ ಕುಟುಂಬದ್ದೇ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಹಲವು ದೇಶ ಸುತ್ತಿದರು. 2023ರಲ್ಲಿ 89ರ ವಯಸ್ಸಿನಲ್ಲಿ ತೀರಿಕೊಂಡರು. 1971ರಲ್ಲಿ ಕ್ಯಾನರ್ ಆ 11 ಮಕ್ಕಳನ್ನು ಮತ್ತೆ ಹುಡುಕಿದಾಗ ಸರ್ಕಾರಿ ಆಸ್ಪತ್ರೆಗಳಲ್ಲಿ ಉಳಿದವರು ಇದ್ದ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಡೊನಾಲ್ಡ್ ಮನೆಯವರು ಹಣವಂತರು, ಅದನ್ನು ಮರೆಯುವಂತಿಲ್ಲ. ಆದರೆ ಅವರಿಗೆ ಒದಗಿದ್ದು ಮನೋಬಲದ ಪಾಠವಲ್ಲ. ಅವರಿದ್ದ ಹಾಗೆಯೇ ಅವರಿಗೆ ಜಾಗ ಮಾಡಿಕೊಟ್ಟ ಒಂದು ಹೊಲ, ಒಂದು ಬ್ಯಾಂಕು, ಒಂದು ಊರು.

ಇದೆಲ್ಲ ಇನ್‌ಸ್ಟಾಗ್ರಾಂ ಫ್ಯಾಷನ್ ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿ ಕುರಿತ ಅತಿ ಜನಪ್ರಿಯ 100 ವಿಡಿಯೋಗಳನ್ನು ಪರಿಶೀಲಿಸಿದ ಕೆನಡಾದ ವೈದ್ಯರು 2022ರಲ್ಲಿ ಅವುಗಳಲ್ಲಿ 52 ದಾರಿತಪ್ಪಿಸುವಂಥವು ಎಂದರು. ನಿದ್ದೆಗೇಡು, ಥೈರಾಯ್ಡ್, ಖಿನ್ನತೆ ಕೂಡ ಗಮನ ಕೆಡಿಸುತ್ತವೆ. ಅದಕ್ಕಾಗಿಯೇ ಬಾಲ್ಯದ ಚರಿತ್ರೆ ಕೇಳಿ, ಮನೆಯವರನ್ನು ಮಾತಾಡಿಸಿ, ಹೊತ್ತು ಕೊಟ್ಟು ಪರೀಕ್ಷಿಸಬೇಕು. ಆದರೆ ನಮ್ಮಲ್ಲಿರುವ ಸಮಸ್ಯೆ ಹಾಗೆ ಪರೀಕ್ಷಿಸುವವರು ಸಿಗದಿರುವುದು. ನಿಮ್ಹಾನ್ಸ್ ಇರುವ ಬೆಂಗಳೂರು, ಡಿಮ್ಹಾನ್ಸ್ ಇರುವ ಧಾರವಾಡ ಬಿಟ್ಟು ತಾಲ್ಲೂಕು ಕೇಂದ್ರದಲ್ಲಿ ನಿಂತು ನೋಡಿದರೆ, ಆಟಿಸಂ ಹೆಸರಿನಲ್ಲಿ ಅಲ್ಲೊಂದು ಇಲ್ಲೊಂದು ಇರುವ ಸೇವೆಯೂ ಮಕ್ಕಳಿಗಾಗಿ. ಆ ಮಕ್ಕಳು ಹದಿನೆಂಟು ದಾಟಿದ ಮೇಲೆ ಎಲ್ಲಿಗೆ ಹೋಗಬೇಕು?

ಔಷಧಿಯ ವಿಚಾರದಲ್ಲಿ ಮನೋಬಲವಾದ ನೇರವಾಗಿ ಜೀವಕ್ಕೆ ಎರವಾಗುತ್ತದೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಷೆಡ್ಯೂಲ್ ಎಕ್ಸ್ ಔಷಧಿ, ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಯದ್ದು; ಎಲ್ಲ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ, ಚೀಟಿಯ ಕಟ್ಟುಪಾಡು ಬೇರೆ. ಅದು ಸಿಕ್ಕಿದರೂ ‘ಗುಳಿಗೆ ನುಂಗಿ ಬುದ್ಧಿ ಬರಿಸಿಕೊಳ್ಳಬೇಕೇ’ ಎಂಬ ಮನೆಯವರ ಮಾತು ದಾಟಬೇಕು. ಸ್ವೀಡನ್ನಿನ ಎಡಿಎಚ್‌ಡಿ ರೋಗಿಗಳ ದಾಖಲೆ ಆಧರಿಸಿ 2014ರಲ್ಲಿ ಬಂದ ಅಧ್ಯಯನದಲ್ಲಿ, ಪುರುಷರು ಔಷಧಿ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಭೀರ ರಸ್ತೆ ಅಪಘಾತದ ಸಂಭವ ಶೇ 58ರಷ್ಟು ಕಡಿಮೆಯಿತ್ತು. ಔಷಧಿ ಎಲ್ಲರಿಗೂ ಒಗ್ಗುವುದಿಲ್ಲ, ಆಟಿಸಂ ಇರುವವರಲ್ಲಿ ಅಡ್ಡಪರಿಣಾಮ ಹೆಚ್ಚಿರಬಹುದು, ಪ್ರಮಾಣ ನಿಧಾನವಾಗಿ ಏರಿಸಬೇಕು, ಆಟಿಸಂ ಅನ್ನು ಅದು ಬದಲಿಸುವುದೂ ಇಲ್ಲ. ಇವೆಲ್ಲ ವೈದ್ಯರ ಜೊತೆ ಕೂತು ತೀರ್ಮಾನಿಸುವ ಸಂಗತಿ. ನಾಚಿಕೆಗೆ ಅಲ್ಲಿ ಜಾಗವಿಲ್ಲ.

ಸಂಬಂಧಗಳಲ್ಲಿ ಈ ಸುಳ್ಳು ಇಬ್ಬರನ್ನೂ ಸುಡುತ್ತದೆ. ಮದುವೆಯ ದಿನ ಮರೆತ ಗಂಡನನ್ನು ನೋಡಿ ‘ಮನಸ್ಸಿದ್ದರೆ ನೆನಪಿರುತ್ತಿತ್ತು’ ಎಂದುಕೊಳ್ಳುವ ಹೆಂಡತಿ ಅನುಭವಿಸುವ ನೋವು ನಿಜ. ಪ್ರತಿಯೊಂದನ್ನೂ ತಾನೇ ನೆನಪಿಡಬೇಕಾದ ಅವಳ ಆಯಾಸವೂ ನಿಜ, ಅದನ್ನು ಎಡಿಎಚ್‌ಡಿ ಹೆಸರು ಹೇಳಿ ಅಳಿಸಲಾಗದು. ಆದರೆ ಆ ಮರೆವಿಗೆ ಪ್ರೀತಿಯ ಕೊರತೆ ಕಾರಣವೆಂದು ನಂಬಿದ ಕೂಡಲೇ ಇಬ್ಬರಿಗೂ ದಾರಿ ಮುಚ್ಚುತ್ತದೆ: ಅವಳಿಗೆ ಅವಮಾನ, ಅವನಿಗೆ ಮತ್ತೊಂದು ಪ್ರತಿಜ್ಞೆ, ಅದು ಮುರಿದಾಗ ಮತ್ತಷ್ಟು ಅವಮಾನ. ಪ್ರತಿಜ್ಞೆಯ ಬದಲು ಫೋನಿನಲ್ಲಿ ಅಲಾರಂ, ಗೋಡೆಯ ಮೇಲೆ ಇಬ್ಬರೂ ಬರೆಯುವ ಕ್ಯಾಲೆಂಡರ್, ಅವನಿಗೆ ಆಗುವ ಕೆಲಸ ಪೂರ್ತಿ ಅವನದ್ದು, ಆಗದ್ದು ಅವನ ಪಾಲಿನಲ್ಲಿ ಬೇಡ ಎಂಬ ಕರಾರು ಇದ್ದರೆ ಆಯಾಸವಾದರೂ ತಗ್ಗುತ್ತದೆ. ಕಚೇರಿಯಿಂದ ಬಂದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಿಸದ ಕೋಣೆ ಬೇಕು ಎನ್ನುವವರು ಸಿಟ್ಟಾಗಿದ್ದಾರೆಂದು ತಿಳಿಯಬೇಕಿಲ್ಲ. ಅದನ್ನು ಮೊದಲೇ ಬಾಯಿಬಿಟ್ಟು ಹೇಳುವ ಹೊಣೆ ಅವರದ್ದೂ ಹೌದು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲೇ ಹೇಳಿದರು: ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಷ್ಟೇ ಉಳಿದವರಿಗೂ ಇವರು ಅರ್ಥವಾಗುವುದಿಲ್ಲ, ಹಾಗಾಗಿ ಸೇತುವೆಯನ್ನು ಎರಡೂ ದಡದಿಂದ ಕಟ್ಟಬೇಕು.

ಕೊನೆಯ ವಾದ ಕೆಲಸದ ಜಾಗದ್ದು. ಒಬ್ಬೊಬ್ಬರಿಗೆ ಒಂದೊಂದು ಅನುಕೂಲ ಮಾಡುತ್ತ ಕೂತರೆ ಕಂಪನಿ ನಡೆಯುವುದೆಂತು ಎಂದು ಕೇಳುತ್ತಾರೆ. ಸ್ಯಾಪ್ ಕಂಪನಿ 2013ರಲ್ಲಿ ಜಗತ್ತಿನಾದ್ಯಂತ ಘೋಷಿಸಿದ ಆಟಿಸಂ ನೇಮಕಾತಿ ಯೋಜನೆಗೂ ಮೊದಲು ಅದರ ಪ್ರಯೋಗ ನಡೆದಿದ್ದು ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಪರೀಕ್ಷಕರಾಗಿ ಸೇರಿದ ಆರು ಮಂದಿಯೊಂದಿಗೆ. ನಡೆಯಲಾರದ್ದಾಗಿದ್ದರೆ ಅದು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಅಂಥ ಯೋಜನೆಗಳ ಮಿತಿ ಬೇರೆ: ಇವರೆಲ್ಲ ತಪ್ಪು ಹುಡುಕುವ ಪವಾಡಪುರುಷರೆಂಬ ಹೊಸ ಕಥೆಯನ್ನು ಅವು ಹಬ್ಬಿಸಿದವು. ಬ್ಯಾಂಕ್ ಗುಮಾಸ್ತೆ, ಶಾಲಾ ಶಿಕ್ಷಕ, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳಿಗೆ ಪವಾಡ ತೋರಿಸದೆಯೂ ಬದುಕುವ ಹಕ್ಕಿದೆ.

ಹಕ್ಕು ಎಂದು ಸುಮ್ಮನೆ ಹೇಳುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳ ಪಟ್ಟಿಯಲ್ಲಿ ಆಟಿಸಂ ಇದೆ. ಅನಗತ್ಯ ಹೊರೆಯಾಗದಂತೆ ಮಾಡಬಹುದಾದ ಮಾರ್ಪಾಡುಗಳನ್ನು ಕಾಯ್ದೆಯೇ ವಿವರಿಸಿದೆ, ಸಮಾನ ಅವಕಾಶ ನೀತಿ ಪ್ರಕಟಿಸಬೇಕಾದ ಹೊಣೆಯನ್ನು ಖಾಸಗಿ ಸಂಸ್ಥೆಗಳ ಮೇಲೂ ಹಾಕಿದೆ. ಅಂಗವೈಕಲ್ಯ ಶೇ 40ರ ಮಿತಿ ಮುಟ್ಟದವರಿಗೆ ಅನುಕೂಲ ಕೊಡಬೇಕಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಡೆಯುವ ವಿಕಾಸ್ ಕುಮಾರ್ ಅವರ ಯುಪಿಎಸ್‌ಸಿ ಪ್ರಕರಣದಲ್ಲಿ, ತಳ್ಳಿಹಾಕಿದೆ. ಆದರೂ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಅಳತೆಪಟ್ಟಿಯಲ್ಲಿ 40 ಅಂಶಗಳಿಗೆ ಕೂಡಿ 70 ಅಂಕ ಬಾರದಿದ್ದರೆ ಆಟಿಸಂ ಇಲ್ಲವೆಂದೇ ಲೆಕ್ಕ. ಇಪ್ಪತ್ತು ವರ್ಷ ಮರೆಮಾಚುವುದನ್ನೇ ಕಲಿತ ವಯಸ್ಕರು ಅಂಥ ಪಟ್ಟಿಯಲ್ಲಿ ತೇಲಿಹೋಗುವುದು ಸುಲಭ. ಚೆನ್ನಾಗಿ ನಟಿಸಿದ್ದಕ್ಕೆ ಹಕ್ಕು ತಪ್ಪುತ್ತದೆ. ಎಡಿಎಚ್‌ಡಿಯಂತೂ ಆ 21ರಲ್ಲಿ ಇಲ್ಲವೇ ಇಲ್ಲ. ಬೇರೆ ಸ್ಥಿತಿಗಳನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅದೇ ಪಟ್ಟಿಯ ಕೊನೆಯಲ್ಲಿದೆ. ಅದನ್ನು ಬಳಸಬೇಕು, ವಯಸ್ಕರನ್ನು ಅಳೆಯಲು ವಯಸ್ಕರಿಗೇ ಹೊಂದುವ ವಿಧಾನ ತರಬೇಕು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಅದರ ತರಬೇತಿ ಕೊಡಬೇಕು. ಕಚೇರಿಗಳು ಇದಕ್ಕೆಲ್ಲ ಕಾಯಬೇಕಾಗಿಲ್ಲ. ಸೂಚನೆಗಳನ್ನು ಬರಹದಲ್ಲಿ ಕೊಡುವುದು, ಮೀಟಿಂಗಿನ ವಿಷಯ ಮೊದಲೇ ತಿಳಿಸುವುದು, ಗದ್ದಲ ತಡೆಯುವ ಹೆಡ್‌ಫೋನಿಗೆ ಅನುಮತಿ, ಮೂಲೆಯ ಒಂದು ಮೇಜು, ದೊಡ್ಡ ಕೆಲಸಕ್ಕೆ ನಡುನಡುವೆ ಚಿಕ್ಕ ಗಡುವು, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ: ಇಷ್ಟನ್ನು ಸೋಮವಾರದಿಂದಲೇ ಶುರುಮಾಡಬಹುದು. ಬಹುಪಾಲಿಗೆ ಖರ್ಚೇ ಇಲ್ಲ.